ಐದೂವರೆ ಗಂಟೆ

ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಒಂದು ಪುಟ್ಟ ಚರ್ಚಾ ತಾಣವಿದೆ. ಓದಿದ ಪುಸ್ತಕ, ಅರ್ಧಂಬರ್ಧ ಹೊಳೆದ ವಿಚಾರ, ಹಾಸ್ಟೆಲ್ ಊಟದ ಗೋಳು ಎಲ್ಲವೂ ಅಲ್ಲಿ ಬಂದು ಬೀಳುತ್ತವೆ. ತತ್ತ್ವಶಾಸ್ತ್ರದವನಾದ ನನಗೆ ಅದರ ಉಸ್ತುವಾರಿ ಗಂಟುಬಿದ್ದದ್ದು ಪದವಿಯಲ್ಲಿ ಕಂಪ್ಯೂಟರ್ ಓದಿದ್ದೆ ಎಂಬ ಒಂದೇ ತಪ್ಪಿಗೆ. ಕಳೆದ ವರ್ಷ ಹಳೆಯ ಸರ್ವರ್ ಕೈಕೊಟ್ಟಾಗ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದೆ. ಕೆಲವು ತಿಂಗಳ ಮೇಲೆ, ಸಾಗಿಸಿದ ದಿನದ ಒಂದು ಚರ್ಚೆ ಓದುತ್ತಿದ್ದ ಜೂನಿಯರ್ ಒಬ್ಬಳು ಕೇಳಿದಳು, 'ಅಣ್ಣಾ, ಇಲ್ಲಿ ಪ್ರಶ್ನೆಗಿಂತ ಮೊದಲೇ ಉತ್ತರ ಬಂದಿದೆಯಲ್ಲ?'

ಕಂಪ್ಯೂಟರುಗಳು ಸಾಮಾನ್ಯವಾಗಿ 1970ರ ಜನವರಿ 1ರ ಮಧ್ಯರಾತ್ರಿಯಿಂದ, ಅಂದರೆ ಗ್ರೀನಿಚ್ಚಿನ ಲೆಕ್ಕದ ಮಧ್ಯರಾತ್ರಿಯಿಂದ, ಸೆಕೆಂಡುಗಳನ್ನು ಎಣಿಸುತ್ತವೆ. ಮರ್ಯಾದಸ್ಥ ತಂತ್ರಾಂಶ ಆ ಸಾರ್ವತ್ರಿಕ ಸಮಯವನ್ನೇ ಬರೆದಿಟ್ಟು, ನಮಗೆ ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸುತ್ತದೆ. ನಮ್ಮ ಹಳೆಯದು ಹಾಗಲ್ಲ. ಗೋಡೆ ಗಡಿಯಾರ ನೋಡಿ ಚೀಟಿ ಬರೆಯುವವರಂತೆ '16:10' ಎಂದು ಬರೆದುಬಿಡುತ್ತಿತ್ತು. ಯಾವ ಊರಿನ 16:10 ಎಂದು ಹೇಳುತ್ತಿರಲಿಲ್ಲ. ಹೊಸ ಸರ್ವರ್ ಅದನ್ನು ಸಾರ್ವತ್ರಿಕ ಸಮಯವೆಂದೇ ನಂಬಿ, ಇನ್ನೂ ಐದೂವರೆ ಗಂಟೆ ಸೇರಿಸಿ, ರಾತ್ರಿ 9:40 ಎಂದು ತೋರಿಸಿತು. ಮೊದಲು ನಾನು ಆ ಕೂಡಿಸುವಿಕೆಯನ್ನೇ ನಿಲ್ಲಿಸಿ ನೋಡಿದೆ. ಹಳೆಯವು ಸರಿಯಾದವು, ಹೊಸವು ಕೆಟ್ಟವು. ಬೆಳಿಗ್ಗೆ ಹತ್ತಕ್ಕೆ ಬರೆದವರೆಲ್ಲ ನಸುಕಿನ ನಾಲ್ಕೂವರೆಗೆ ಎದ್ದು ಬರೆದವರಂತೆ ಕಂಡರು.

ಯಾವ ಊರಿನದೆಂದು ಹೇಳದ ಗಂಟೆ ಸುಳ್ಳೂ ಅಲ್ಲ, ನಿಜವೂ ಅಲ್ಲ. ನಮ್ಮ ದೇಶಕ್ಕೆ ಇದು ಹೊಸ ತಕರಾರೇನಲ್ಲ. 1906ರಲ್ಲಿ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ಹಿಡಿದು ಭಾರತಕ್ಕೆಲ್ಲ ಒಂದೇ ಸಮಯ ಎಂದಾಗ ಮುಂಬಯಿಯವರು ಸಿಟ್ಟಾದರು. ತಮ್ಮ ಸೂರ್ಯನಿಗಿಂತ 39 ನಿಮಿಷ ಮುಂದೆ ಓಡುವ ಗಡಿಯಾರ ಅವರಿಗೆ ಸರ್ಕಾರಿ ಸುಳ್ಳಿನಂತೆ ಕಂಡಿತು. ಕಲ್ಕತ್ತಾ ತನ್ನ ಸಮಯವನ್ನು 1948ರವರೆಗೆ ಬಿಡಲಿಲ್ಲ, ಮುಂಬಯಿ 1955ರವರೆಗೆ. ಬೆಂಗಳೂರಿನಲ್ಲಿ ಇವತ್ತಿಗೂ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ನಾವು ಜಗಳವಾಡುವುದಿಲ್ಲ, ಅಷ್ಟೆ.

ಆದರೆ ಅಂಕಿ ಬದಲಾದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಬದಲಾಗಬಾರದು. ಮ್ಯಾಕ್‌ಟಾಗರ್ಟ್ 1908ರ ತನ್ನ ಪ್ರಬಂಧದಲ್ಲಿ ಕಾಲವೇ ಮಿಥ್ಯೆ ಎಂದು ವಾದಿಸಿದವನು. ಅವನೂ ಒಂದು ಘಟನೆ ಇನ್ನೊಂದಕ್ಕಿಂತ ಮೊದಲಿನದಾದರೆ ಅದು ಯಾವತ್ತೂ ಮೊದಲಿನದೇ ಎಂದು ಒಪ್ಪಿಕೊಂಡೇ ಮುಂದೆ ಹೋಗುತ್ತಾನೆ. ನಮ್ಮ ತಾಣದಲ್ಲಿ ಕೆಟ್ಟದ್ದು ಅದೇ. ಒಂದೇ ದಿನದ ಕೆಲವು ಗಂಟೆಗಳಲ್ಲಿ ಮೊದಲಿನದು ಆಮೇಲಕ್ಕೆ ಹೋಗಿತ್ತು.

ಸರಿಪಡಿಸುವ ದಾರಿ ಸುಲಭವಿತ್ತು. ಪ್ರತಿ ಬರಹಕ್ಕೂ ಒಂದು ಕ್ರಮಸಂಖ್ಯೆಯಿದೆ. ಗಡಿಯಾರ ಕೆಟ್ಟರೂ ಅದು ಕೆಡುವುದಿಲ್ಲ. ಸಾಗಿಸುವ ಮುಂಚಿನ ಕೊನೆಯ ಸಂಖ್ಯೆ ಹುಡುಕಿ, ಅಲ್ಲಿಯವರೆಗಿನ ಎಲ್ಲದರಿಂದ ಐದೂವರೆ ಗಂಟೆ ಕಳೆದರೆ ಮುಗಿಯಿತು. ಹುಡುಕಿದೆ. ಆ ಗೆರೆಯ ಆಚೆಗೆ ಗೆಳೆಯನ ಒಂದು ಬರಹವಿತ್ತು, ಈಚೆಗೆ ನನ್ನದು.

ವಿಷಯ ಇಬ್ಬರದೂ ಒಂದೇ: ಕ್ಷಮೆ ಕೇಳುವುದು ಮಾತೋ ಕ್ರಿಯೆಯೋ ಎಂಬುದು. ನನ್ನದು ರಾತ್ರಿ 8ಕ್ಕೆ, ಅವನದು 9:40ಕ್ಕೆ ಎಂದು ತಾಣ ತೋರಿಸುತ್ತಿತ್ತು. 'ಇಬ್ಬರಿಗೂ ಒಂದೇ ದಿನ ಹೊಳೆದಿದೆ, ನಿನಗೆ ಸ್ವಲ್ಪ ಮೊದಲು' ಎಂದು ಮಾರ್ಗದರ್ಶಕರು ನಕ್ಕಿದ್ದರು. ನನ್ನ ಪ್ರಬಂಧದ ಮೂರನೇ ಅಧ್ಯಾಯ ಅದರ ಮೇಲೇ ನಿಂತಿದೆ. ಅವನು ಆ ದಾರಿ ಬಿಟ್ಟು ಬೇರೆ ವಿಷಯಕ್ಕೆ ಹೋದ. ನಿಜದಲ್ಲಿ ಅವನು ಬರೆದದ್ದು ಮಧ್ಯಾಹ್ನ 4:10ಕ್ಕೆ, ನನಗಿಂತ ನಾಲ್ಕು ಗಂಟೆಗೆ ಹತ್ತು ನಿಮಿಷ ಕಡಿಮೆ ಮೊದಲು.

ಅವನದನ್ನು ಓದಿ ಬರೆದೆನೇ? ನೆನಪಿಲ್ಲ. ನೆನಪಿಲ್ಲ ಎಂಬುದು ನಿಜ. ಆದರೆ ಇಷ್ಟು ತಿಂಗಳು ನೆನಪು ಮಾಡಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ ಎಂಬುದೂ ನಿಜ. ದಾಖಲೆ ನನ್ನ ಪರವಾಗಿತ್ತು, ನಾನು ಅದನ್ನೇ ನೆನಪೆಂದು ಇಟ್ಟುಕೊಂಡಿದ್ದೆ. ಸುಳ್ಳು ಹೇಳದೆಯೂ ಸುಳ್ಳಿನ ಬಡ್ಡಿ ತಿನ್ನುತ್ತಿದ್ದವನನ್ನು ಏನೆಂದು ಕರೆಯಬೇಕು? ತಂತ್ರಾಂಶದ ತಪ್ಪು ಎನ್ನಬಹುದಿತ್ತು, ಆ ತಂತ್ರಾಂಶವನ್ನು ಸಾಗಿಸಿದವನು ನಾನೇ ಆಗಿರದಿದ್ದರೆ.

ಎರಡು ದಿನ ಸುಮ್ಮನಿದ್ದೆ. ಹಳೆಯ ದಾಖಲೆ ತಿದ್ದುವುದು ಸರಿಯೇ, ಇದ್ದಂತೆ ಬಿಡುವುದೇ ಪ್ರಾಮಾಣಿಕತೆಯಲ್ಲವೇ ಎಂದೆಲ್ಲ ನನ್ನೊಳಗೆ ಘನವಾದ ವಾದಗಳು ಹುಟ್ಟಿದವು. ಗೆಳೆಯನ ಜಾಗದಲ್ಲಿ ನಾನಿದ್ದಿದ್ದರೆ ಅವುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ.

ಮೂರನೆಯ ರಾತ್ರಿ ಹಳೆಯ ಪ್ರತಿಯೊಂದನ್ನು ತೆಗೆದಿಟ್ಟು, ಐದೂವರೆ ಗಂಟೆ ಕಳೆದೆ. ಏನು ತಿದ್ದಿದೆ, ಯಾಕೆ ತಿದ್ದಿದೆ ಎಂದು ತಾಣದ ಮೊದಲ ಪುಟದಲ್ಲಿ ಬರೆದೆ. ಮಾರ್ಗದರ್ಶಕರಿಗೆ ಮೇಲ್ ಹಾಕಿದೆ. ಆಮೇಲೆ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, 'ಆವತ್ತು ಸಂಜೆ ಕ್ಯಾಂಟೀನಿನಲ್ಲಿ ಸಿಕ್ಕಾಗ, ನಿನ್ನ ಬರಹ ಓದಿದೆ, ಚೆನ್ನಾಗಿದೆ ಅಂದಿದ್ದೆಯಲ್ಲ ಮಾರಾಯಾ, ಮರೆತುಹೋಯಿತಾ?'