ಕೆಸರಾದ ಕೈಯ ಲೆಕ್ಕ

ಅಮೆರಿಕದ ಅಧ್ಯಕ್ಷರಾಗಲು ಅಲ್ಲಿನ ಸಂವಿಧಾನ ಕೇಳುವ ಅರ್ಹತೆ ಮೂರೇ ಮೂರು. ಹುಟ್ಟಿನಿಂದ ಅಮೆರಿಕದ ಪ್ರಜೆಯಾಗಿರಬೇಕು, ವಯಸ್ಸು 35 ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸವಿದ್ದಿರಬೇಕು. ಅಷ್ಟೇ. ಔಟರ್ ರಿಂಗ್ ರೋಡಿನ ಯಾವ ಕಂಪನಿಯ ಜಾಬ್ ಪೋಸ್ಟಿಂಗ್ ತೆಗೆದು ನೋಡಿದರೂ ಪಟ್ಟಿ ಇದಕ್ಕಿಂತ ಉದ್ದ ಇರುತ್ತೆ. ಟೀಮ್ ಲೀಡ್ ಆಗೋಕೆ ಎಂಟು ವರ್ಷದ ಅನುಭವ ಕೇಳುವ ಕಾಲದಲ್ಲಿ, ಅಣ್ವಸ್ತ್ರಗಳ ಮೇಲೆ ಅಧಿಕಾರವಿರುವ ಹುದ್ದೆಯ ಅರ್ಜಿಯಲ್ಲಿ ಅನುಭವದ ಕಾಲಮ್ಮೇ ಇಲ್ಲ.

ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಅದೇ ಚರ್ಚೆ. ಅಧ್ಯಕ್ಷರಾಗುವವರು ಮೊದಲು ಶಾಸನಸಭೆಯಲ್ಲಿ ಕೂತು, ಮಸೂದೆಗಳ ಮೇಲೆ ಮತ ಹಾಕಿ ಪಳಗಿರಬೇಕಾ? ಅಥವಾ ಹೊರಗಿನಿಂದ ಬಂದವರೇ ವಾಸಿಯಾ?

ವಿಧಾನಸೌಧ ನೋಡಿ ಬೆಳೆದ ನಮಗೆ ಈ ಪ್ರಶ್ನೆಯೇ ವಿಚಿತ್ರ. ನಮ್ಮಲ್ಲಿ ಮುಖ್ಯಮಂತ್ರಿಯಾಗಲಿ ಪ್ರಧಾನಿಯಾಗಲಿ ಸದನದ ಸದಸ್ಯರಾಗಿರಲೇಬೇಕು, ಇಲ್ಲದಿದ್ದರೆ ಆರು ತಿಂಗಳೊಳಗೆ ಆಗಬೇಕು. 1996ರ ಜೂನ್‌ನಲ್ಲಿ ದೇವೇಗೌಡರು ಪ್ರಧಾನಿಯಾದಾಗ ಸಂಸದರಾಗಿರಲಿಲ್ಲ, ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಗೆ ಬಂದರು. ಅಮೆರಿಕದಲ್ಲಿ ಇದು ತಿರುವುಮುರುವು. ಅಧ್ಯಕ್ಷರಾಗುವ ಸೆನೆಟರ್ ತನ್ನ ಸೀಟು ಬಿಡಲೇಬೇಕು. ಅಧ್ಯಕ್ಷರು ಅಲ್ಲಿನ ಸಂಸತ್ತಿನಲ್ಲಿ ಕೂರುವ ಹಾಗಿಲ್ಲ, ತಾವೇ ಮಸೂದೆ ಮಂಡಿಸುವ ಹಾಗಿಲ್ಲ. ಕಾನೂನು ಬೇಕೆಂದರೆ, ತಮ್ಮ ಮಾತು ಕೇಳಲೇಬೇಕೆಂಬ ಯಾವ ಕಟ್ಟುಪಾಡೂ ಇಲ್ಲದ 535 ಜನರ ಮನ ಒಲಿಸಬೇಕು.

ಅನುಭವ ಬೇಡ ಅನ್ನುವವರ ಹತ್ತಿರ ಒಳ್ಳೆಯ ಉದಾಹರಣೆಗಳಿವೆ. 1856ರಲ್ಲಿ ಗೆದ್ದ ಜೇಮ್ಸ್ ಬ್ಯುಕ್ಯಾನನ್ ಅವರ ರೆಸ್ಯೂಮೆ ನೋಡಿದರೆ ಯಾವ ಎಚ್‌ಆರ್ ಆದರೂ ಎದ್ದು ನಿಲ್ಲಬೇಕು. ಕೆಳಮನೆಯಲ್ಲಿ ಹತ್ತು ವರ್ಷ, ಸೆನೆಟ್‌ನಲ್ಲಿ ಹತ್ತು ವರ್ಷ, ರಷ್ಯಾ ಮತ್ತು ಬ್ರಿಟನ್ನಿಗೆ ರಾಯಭಾರಿ, ನಡುವೆ ವಿದೇಶಾಂಗ ಮಂತ್ರಿ. ಅವರು ಕುರ್ಚಿ ಬಿಡುವ ಹೊತ್ತಿಗೆ ಏಳು ರಾಜ್ಯಗಳು ಒಕ್ಕೂಟದಿಂದ ಹೊರಹೋಗಿದ್ದವು. ಅವರ ನಂತರ ಬಂದವರು ಇಲಿನಾಯ್ ಶಾಸನಸಭೆಯಲ್ಲಿ ಎಂಟು ವರ್ಷ, ವಾಷಿಂಗ್ಟನ್ನಿನಲ್ಲಿ ಬರೀ ಎರಡು ವರ್ಷ ಕೂತಿದ್ದ ವಕೀಲ ಅಬ್ರಹಾಂ ಲಿಂಕನ್. ಮತದಾರರೂ ಅನುಭವಕ್ಕೆ ಅಂಥ ಬೆಲೆ ಕೊಟ್ಟಿಲ್ಲ. ಸೆನೆಟ್‌ನಿಂದ ನೇರವಾಗಿ ಶ್ವೇತಭವನಕ್ಕೆ ಹೋದವರು ಹಾರ್ಡಿಂಗ್, ಕೆನಡಿ, ಒಬಾಮಾ ಮೂವರೇ. 2016ರಲ್ಲಂತೂ ಯಾವ ಸರ್ಕಾರಿ ಹುದ್ದೆಯನ್ನೂ, ಸೇನೆಯ ಕೆಲಸವನ್ನೂ ಕಾಣದ ವ್ಯಕ್ತಿ ಮೊದಲ ಬಾರಿಗೆ ಅಧ್ಯಕ್ಷರಾದರು.

ಅಂದರೆ ವರ್ಷ ಎಣಿಸಿ ಪ್ರಯೋಜನವಿಲ್ಲ. ಆದರೆ ಇಷ್ಟಕ್ಕೇ ಪ್ರಶ್ನೆ ಮುಗಿಯಿತು ಅಂತ ನನಗನ್ನಿಸುವುದಿಲ್ಲ. ಅದಕ್ಕೆ ಕಾರಣ ಲಿಂಡನ್ ಜಾನ್ಸನ್.

ಟೆಕ್ಸಾಸ್‌ನ ಜಾನ್ಸನ್ 1937ರಲ್ಲಿ ಕೆಳಮನೆಗೆ ಬಂದರು, 1949ರಲ್ಲಿ ಸೆನೆಟ್‌ಗೆ. ಮೊದಲ ಇಪ್ಪತ್ತು ವರ್ಷ ಕರಿಯರ ನಾಗರಿಕ ಹಕ್ಕುಗಳ ಪರವಾಗಿ ಬಂದ ಪ್ರತಿಯೊಂದು ಮಸೂದೆಗೂ ವಿರುದ್ಧವಾಗಿ ಮತ ಹಾಕಿದರು. 1957ರಲ್ಲಿ ಐಸೆನ್‌ಹೋವರ್ ಸರ್ಕಾರ ಒಂದು ಮಸೂದೆ ತಂದಾಗ ಜಾನ್ಸನ್ ಸೆನೆಟ್‌ನ ಬಹುಮತದ ನಾಯಕ. ಮಸೂದೆಯ ಹಲ್ಲುಗಳನ್ನೆಲ್ಲ ಒಂದೊಂದಾಗಿ ಕಿತ್ತರು. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ಸರ್ಕಾರವೇ ಕೋರ್ಟಿಗೆ ಹೋಗುವ ಅಧಿಕಾರ ಹೋಯಿತು. ಮತದಾನಕ್ಕೆ ಅಡ್ಡಿ ಮಾಡಿದ ಅಧಿಕಾರಿಗಳ ವಿಚಾರಣೆ ಜ್ಯೂರಿಯ ಕೈಗೆ ಹೋಯಿತು. ದಕ್ಷಿಣದಲ್ಲಿ ಜ್ಯೂರಿ ಅಂದರೆ ಬಿಳಿಯರು, ಅವರು ಬಿಳಿಯ ಅಧಿಕಾರಿಗೆ ಶಿಕ್ಷೆ ಕೊಡುತ್ತಾರಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಆ ಮಸೂದೆ ಪಾಸಾಯಿತು. 1875ರ ನಂತರ ಬಂದ ಮೊದಲ ನಾಗರಿಕ ಹಕ್ಕು ಕಾಯ್ದೆ ಅದು.

ಇದನ್ನು ದ್ರೋಹ ಅನ್ನಬೇಕಾ, ಮೊದಲ ಮೆಟ್ಟಿಲು ಅನ್ನಬೇಕಾ? ಉತ್ತರಿಸುವ ಮೊದಲು ಮುಂದಿನದನ್ನೂ ನೋಡಿ.

1963ರ ನವೆಂಬರ್‌ನಲ್ಲಿ ಕೆನಡಿ ಹತ್ಯೆಯಾದಾಗ ಅವರ ನಾಗರಿಕ ಹಕ್ಕು ಮಸೂದೆ ಕೆಳಮನೆಯ ಒಂದು ಸಮಿತಿಯಲ್ಲಿ ಧೂಳು ತಿನ್ನುತ್ತಿತ್ತು. ಸಮಿತಿಯ ಅಧ್ಯಕ್ಷ ಹೊವಾರ್ಡ್ ಸ್ಮಿತ್ ಅದನ್ನು ಹೊರಬಿಡುವ ಆಸಾಮಿಯಲ್ಲ. ಕೆನಡಿಯೂ ಹದಿನಾಲ್ಕು ವರ್ಷ ಸಂಸತ್ತಿನಲ್ಲಿ ಇದ್ದವರೇ, ಆದರೆ ಆ ಮನೆಯ ಬೀಗ ಎಲ್ಲಿದೆ, ಕೀಲಿ ಯಾರ ಜೇಬಿನಲ್ಲಿದೆ ಅನ್ನುವುದು ಜಾನ್ಸನ್‌ಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಸಮಿತಿಯನ್ನೇ ಬದಿಗೊತ್ತುವ ಅರ್ಜಿಗೆ ಸಹಿ ಸಂಗ್ರಹಿಸುವಂತೆ ಒತ್ತಡ ಹಾಕಿಸಿದರು, ಮಸೂದೆ ಹೊರಬಂತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಎರಡು ತಿಂಗಳಿಗೂ ಹೆಚ್ಚು ಕಾಲ ಮಾತಾಡುತ್ತಲೇ ಇದ್ದರು, ಮತಕ್ಕೆ ಬಿಡಲೇ ಇಲ್ಲ. ಅವರ ಮುಂದಾಳು ರಿಚರ್ಡ್ ರಸೆಲ್, ಒಂದು ಕಾಲಕ್ಕೆ ಜಾನ್ಸನ್‌ರನ್ನು ಬೆಳೆಸಿದ ಗುರು. ಆ ಮಾತು ನಿಲ್ಲಿಸಲು ಆಗ 67 ಮತ ಬೇಕಿತ್ತು. 1964ರ ಜೂನ್ 10ರಂದು 71 ಬಿದ್ದವು, ಅದರಲ್ಲಿ 27 ವಿರೋಧ ಪಕ್ಷವಾದ ರಿಪಬ್ಲಿಕನ್ನರದು. ಮಿದುಳಿನ ಗಡ್ಡೆಯಿಂದ ಮಾತು ಕಳೆದುಕೊಂಡಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಗಾಲಿಕುರ್ಚಿಯಲ್ಲಿ ಬಂದು, ಕಣ್ಣಿನತ್ತ ಬೆರಳು ತೋರಿಸಿ ತಮ್ಮ ಮತ ಹೇಳಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಹೌದು ಎಂಬ ಮತಕ್ಕೂ ಉಚ್ಚಾರ ಒಂದೇ, ‘ಐ’.

ಬರ್ಮಿಂಗ್‌ಹ್ಯಾಮ್‌ನ ಬೀದಿಗಳಲ್ಲಿ ಪೊಲೀಸ್ ನಾಯಿಗಳನ್ನು ಎದುರಿಸಿ ನಿಂತವರಿಲ್ಲದಿದ್ದರೆ ಈ ಮಸೂದೆ ಹುಟ್ಟುತ್ತಲೇ ಇರಲಿಲ್ಲ. ಒತ್ತಡ ತಂದದ್ದು ಬೀದಿ. ಆದರೆ ಆ ಒತ್ತಡವನ್ನು ಕಾನೂನಾಗಿ ಬದಲಾಯಿಸೋಕೆ ಸದನದ ಒಳಗುಟ್ಟು ಬಲ್ಲವರು ಬೇಕಿತ್ತು.

ನಮಗೂ ಇದರಲ್ಲಿ ಒಂದು ಪಾಲಿದೆ. 1946ರ ಕಾಯ್ದೆಯ ಪ್ರಕಾರ ಭಾರತದಿಂದ ವರ್ಷಕ್ಕೆ ಅಮೆರಿಕಕ್ಕೆ ವಲಸೆ ಹೋಗಬಹುದಾಗಿದ್ದ ಸಂಖ್ಯೆ 100. ಹೌದು, ನೂರೇ ಜನ. ಆ ಕೋಟಾ ಪದ್ಧತಿಯನ್ನು ಕಿತ್ತುಹಾಕಿದ ಕಾಯ್ದೆಗೆ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು. ಇವತ್ತು ಫ್ರೀಮಾಂಟ್‌ನಲ್ಲೋ ಡಲ್ಲಾಸ್‌ನಲ್ಲೋ ರಾಜ್ಯೋತ್ಸವ ಮಾಡುವ ಕನ್ನಡ ಸಂಘಗಳ ಬೇರು ಹುಡುಕುತ್ತಾ ಹೋದರೆ ಆ ಸಹಿ ಸಿಗುತ್ತೆ.

ಮಸೂದೆ ಪಾಸು ಮಾಡಿಸಲಾಗದ ಅಧ್ಯಕ್ಷರು ಏನು ಮಾಡುತ್ತಾರೆ? ಆದೇಶ ಹೊರಡಿಸುತ್ತಾರೆ. ಎಚ್-4 ವೀಸಾದ ಮೇಲಿರುವ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ, ಬರೀ ಆಡಳಿತದ ನಿಯಮದಿಂದ. ಮುಂದಿನ ಸರ್ಕಾರ ಅದನ್ನು ಕಿತ್ತುಹಾಕ್ತೀನಿ ಅಂತ ಹೇಳಿದಾಗ ಎಷ್ಟೋ ಮನೆಗಳಲ್ಲಿ ನಿದ್ದೆ ಹೋಯಿತು. 2025ರ ಸೆಪ್ಟೆಂಬರ್‌ನ ಒಂದು ಶುಕ್ರವಾರ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂತು, ಅದಕ್ಕೂ ಒಂದು ಸಹಿ ಸಾಕಾಯಿತು. ಅತ್ತ ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ 7% ಎಂಬ ಮಿತಿ ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365–65ರಿಂದ ಗೆದ್ದರೂ ಕಾನೂನಾಗಲಿಲ್ಲ. ಪೆನ್ನಿನಲ್ಲಿ ಬರೆದದ್ದನ್ನು ಮುಂದಿನ ಪೆನ್ನು ಅಳಿಸುತ್ತೆ. ಸದನ ದಾಟಿ ಬಂದದ್ದು ಅಷ್ಟು ಸುಲಭಕ್ಕೆ ಅಳಿಸೋದಿಲ್ಲ.

ಹಾಗಾದರೆ ಜಾನ್ಸನ್‌ರಂಥವರೇ ಬೇಕು ಅಂತ ತೀರ್ಮಾನಿಸೋಣವಾ? ಅವಸರ ಬೇಡ. ನಾಗರಿಕ ಹಕ್ಕು ಕಾಯ್ದೆಗೆ ಸಹಿ ಬಿದ್ದ ಮರು ತಿಂಗಳೇ, ಅದೇ ಸಂಸತ್ತಿನಿಂದ ಜಾನ್ಸನ್ ಇನ್ನೊಂದನ್ನೂ ಪಡೆದುಕೊಂಡರು. ವಿಯೆಟ್ನಾಂನಲ್ಲಿ ಬಲಪ್ರಯೋಗಿಸಲು ಅನುಮತಿ ಕೊಡುವ ಟಾಂಕಿನ್ ಕೊಲ್ಲಿ ನಿರ್ಣಯ. ಕೆಳಮನೆಯಲ್ಲಿ 416–0, ಸೆನೆಟ್‌ನಲ್ಲಿ 88–2. ಅದೇ ವ್ಯಕ್ತಿ, ಅದೇ ಚಾತುರ್ಯ. ಚಾಕು ಚೂಪಾಗಿರುವುದು ಮುಖ್ಯ, ಆದರೆ ಏನನ್ನು ಕೊಯ್ಯಬೇಕು ಅಂತ ಚಾಕು ಹೇಳಿಕೊಡೋದಿಲ್ಲ.

ಆದ್ದರಿಂದ ನನ್ನ ವಾದ ಸ್ವಲ್ಪ ಬೇರೆ. ಶಾಸನಸಭೆಯ ಅನುಭವದ ದೊಡ್ಡ ಲಾಭ ಅಭ್ಯರ್ಥಿಗಲ್ಲ, ಮತದಾರರಿಗೆ. ಸದನದಲ್ಲಿ ಕೂತವರು ಹೆಸರು ಬರೆಸಿ ಮತ ಹಾಕಬೇಕು. ಏನೇ ಭಾಷಣ ಮಾಡಲಿ, ಕೊನೆಗೆ ಹೌದು ಅಥವಾ ಇಲ್ಲ. ಅದು ದಾಖಲೆಯಾಗಿ ಉಳಿಯುತ್ತೆ. 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧಕ್ಕೆ ಅನುಮತಿ ಕೊಡುವ ನಿರ್ಣಯದ ಪರ ಹಿಲರಿ ಕ್ಲಿಂಟನ್ ಮತ ಹಾಕಿದರು. ಅದೇ ತಿಂಗಳು ಇಲಿನಾಯ್‌ನ ರಾಜ್ಯ ಸೆನೆಟರ್ ಒಬಾಮಾ ಶಿಕಾಗೋದ ಸಭೆಯಲ್ಲಿ ಯುದ್ಧ ಬೇಡ ಅಂದರು. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಮತದಾರರ ಮುಂದೆ ಎರಡೂ ಇದ್ದವು. ಹೆಚ್ಚು ಅನುಭವಿಯಾಗಿದ್ದ ಕ್ಲಿಂಟನ್ ಸೋತರು. ಅನುಭವಕ್ಕೆ ಬೆಲೆಯಿಲ್ಲ ಅಂತ ಇದರ ಅರ್ಥವಲ್ಲ, ಅನುಭವವನ್ನು ಓದಲು ಆಯಿತು ಅಂತ ಅರ್ಥ. ಒಬಾಮಾಗೆ ಒಂದು ಅನುಕೂಲವೂ ಇತ್ತು ಅನ್ನುವುದನ್ನು ಮರೆಯಬಾರದು. ಅವತ್ತು ಅವರು ಭಾಷಣ ಮಾಡಬೇಕಿತ್ತು, ಮತ ಹಾಕಬೇಕಿರಲಿಲ್ಲ.

ನಮ್ಮ ಕಷ್ಟ ಇರುವುದು ಇಲ್ಲೇ. ಕೈ ಕೆಸರಾದರೆ ಬಾಯಿ ಮೊಸರು ಅಂತೀವಿ, ಆದರೆ ಓಟು ಹಾಕುವಾಗ ಕೆಸರಿಲ್ಲದ ಕೈ ಹುಡುಕುತ್ತೀವಿ. ರಾಜಿ ಮಾಡಿಕೊಂಡವರು ನಮಗೆ ಸೋಗಲಾಡಿಗಳಾಗಿ ಕಾಣುತ್ತಾರೆ, ಏನೂ ಮಾಡದವರು ಶುದ್ಧರಾಗಿ ಕಾಣುತ್ತಾರೆ. ಒಂದೂ ಮತ ಹಾಕದವರು ತಪ್ಪು ಮತ ಹಾಕಿರಲು ಸಾಧ್ಯವೇ ಇಲ್ಲವಲ್ಲ! ಖಾಲಿ ಹಾಳೆಯನ್ನು ನಾವು ಒಳ್ಳೆಯ ನಡತೆಯ ಸರ್ಟಿಫಿಕೇಟ್ ಅಂತ ಓದಿಕೊಂಡರೆ, ಮುಂದೆ ಬರುವವರೆಲ್ಲ ಹಾಳೆ ಖಾಲಿ ಇಟ್ಟುಕೊಳ್ಳುವುದನ್ನೇ ಕಲಿಯುತ್ತಾರೆ.

ಹಾಗಂತ ಎಲ್ಲ ಕೆಸರೂ ಒಂದೇ ಅಲ್ಲ. ಜಾನ್ಸನ್ 1957ರಲ್ಲಿ ಬಿಟ್ಟುಕೊಟ್ಟದ್ದು ಅವರ ಸ್ವಂತದ್ದಲ್ಲ, ಅಲಬಾಮಾದ, ಮಿಸಿಸಿಪ್ಪಿಯ ಕರಿಯರದು. ಏಳು ವರ್ಷ ಕಾದವರೂ ಅವರೇ. 1964 ಬಂದ ಕಾರಣಕ್ಕೆ 1957 ತಾನಾಗಿಯೇ ಸರಿಯಾಗುವುದಿಲ್ಲ, ಅದರ ಬೆಲೆಯನ್ನು ಲೆಕ್ಕದಲ್ಲಿ ಇಡಲೇಬೇಕು.

ಅಭ್ಯರ್ಥಿಯ ಮುಂದೆ ನಾನಾದರೆ ಎಷ್ಟು ವರ್ಷ ಕೂತಿದ್ದಿರಿ ಅಂತ ಕೇಳುವುದಿಲ್ಲ. ಯಾರನ್ನು ಒಪ್ಪಿಸಿದಿರಿ, ಅದಕ್ಕಾಗಿ ಏನು ಬಿಟ್ಟುಕೊಟ್ಟಿರಿ, ಬಿಟ್ಟುಕೊಟ್ಟದ್ದು ಯಾರದು ಅಂತ ಕೇಳುತ್ತೇನೆ. ಗವರ್ನರ್ ಆಗಿದ್ದವರು, ಸೇನಾಪತಿ ಆಗಿದ್ದವರು ಇದಕ್ಕೆ ತಮ್ಮ ಕೆಲಸದಿಂದಲೇ ಉತ್ತರ ಕೊಡಬಹುದು. ಸದನದಲ್ಲಿ ಇದ್ದವರ ಉತ್ತರವನ್ನಂತೂ ಅವರ ಬಾಯಿಂದಲೇ ಕೇಳಬೇಕಿಲ್ಲ, ದಾಖಲೆ ತೆಗೆದು ನೋಡಬಹುದು. ನೋಡುವ ತಾಳ್ಮೆ ನಮಗಿದೆಯಾ ಅನ್ನುವುದು ಇನ್ನೊಂದು ಪ್ರಶ್ನೆ.