ಕೊಟ್ಟದ್ದಕ್ಕೂ ಮುಟ್ಟಿದ್ದಕ್ಕೂ ನಡುವೆ

ಕೊಡುವುದು, ತೆಗೆದುಕೊಳ್ಳುವುದು ಎಂಬುವು ನಗದು ವ್ಯವಹಾರದಲ್ಲಿ ಎರಡು ಬೇರೆ ಕ್ರಿಯೆಗಳಲ್ಲ. ನಾಣ್ಯ ನನ್ನ ಕೈ ಬಿಟ್ಟ ಕ್ಷಣವೇ ನಿಮ್ಮ ಕೈ ಸೇರಿದ ಕ್ಷಣ. ಸಾಲದಲ್ಲಿ ಮಾತ್ರ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಗೆ ಅವಕಾಶವಿತ್ತು. ಈಗ ಕೈಗೆ ಕೈ ತಗಲದ ಹಣ ಬಂದಿದೆ; ಕೊಟ್ಟದ್ದಕ್ಕೂ ಮುಟ್ಟಿದ್ದಕ್ಕೂ ನಡುವೆ ಒಂದು ಸಂದು ಬಿದ್ದಿದೆ. ಆ ಸಂದಿನಲ್ಲಿ ಹುಟ್ಟುವ ಸಂದೇಹವನ್ನು ಯಾರು ಹೊರಬೇಕು? ಯಂತ್ರಶಾಸ್ತ್ರದ್ದೆಂದು ತೋರುವ ಈ ಪ್ರಶ್ನೆ ನಿಜವಾಗಿ ಧರ್ಮದ ಪ್ರಶ್ನೆ.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಬಳಕೆಗೆ ತಂದ ಯುಪಿಐ ಎಷ್ಟು ವಿಸ್ತಾರವಾಗಿ ಬೆಳೆದಿದೆಯೆಂದರೆ, 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಪಾವತಿಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಕೃಷ್ಣರಾಜಪುರದ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳುವ ಗಿರಾಕಿಯ ಫೋನಿನಿಂದ ಹೊರಟ ಮಾತು ನಿಗಮದ ಕೇಂದ್ರ, ಅವನ ಬ್ಯಾಂಕು, ಮತ್ತೆ ಕೇಂದ್ರ, ಮಾರುವವಳ ಬ್ಯಾಂಕು ಎಂದು ಇಷ್ಟು ಬಾಗಿಲುಗಳನ್ನು ತಟ್ಟಿ, ಕೊನೆಗೆ ಅವಳ ಮುಂದಿನ ಪುಟ್ಟ ಪೆಟ್ಟಿಗೆಯಲ್ಲಿ ದನಿಯಾಗುತ್ತದೆ. ನಡುವೆ ಒಂದು ಬಾಗಿಲಿನಿಂದ ಉತ್ತರ ಬಾರದೆ ಹೋದರೆ?

ಇದನ್ನು ಕಟ್ಟಿದವರು ಈ ಪ್ರಶ್ನೆಯನ್ನು ಮರೆತವರಲ್ಲ. ಪ್ರತಿಯೊಂದು ಪಾವತಿಗೂ ಪ್ರತ್ಯೇಕ ಸಂಖ್ಯೆಯುಂಟು. ಅದೇ ಮಾತು ಎರಡು ಸಲ ಬಂದರೂ ಹಣ ಎರಡು ಸಲ ಹೋಗಬಾರದೆಂಬುದು ಅದರ ಉದ್ದೇಶ. ಮೊದಲು ಕೊಡುವವನ ಖಾತೆಯಲ್ಲಿ ಕಳೆದು, ಆಮೇಲೆ ಪಡೆಯುವವನ ಖಾತೆಗೆ ಕೂಡುವುದು ಕ್ರಮ. ಇದು ತಿರುಗುಮುರುಗಾದರೆ ಇಲ್ಲದ ಹಣ ಹುಟ್ಟೀತು. ಕ್ರಮವೇನೋ ಸರಿ. ಆದರೆ ಅದರ ಫಲವನ್ನು ಗಮನಿಸಬೇಕು. ದಾರಿಯಲ್ಲಿ ಕೆಟ್ಟಾಗ ಬ್ಯಾಂಕಿನ ಲೆಕ್ಕ ಭದ್ರವಾಗಿರುತ್ತದೆ. ಬರಿದಾಗುವುದು ಮನುಷ್ಯನ ಕೈ.

ಸಂದೇಹಕ್ಕೂ ಒಂದು ಬೆಲೆಯುಂಟೆಂದು ರಿಸರ್ವ್ ಬ್ಯಾಂಕು ಒಪ್ಪಿಕೊಂಡಿದೆ. ಗಿರಾಕಿಯ ಖಾತೆಯಿಂದ ಹಣ ಹೋಗಿ, ವ್ಯಾಪಾರಿಗೆ ಖಚಿತ ಸುದ್ದಿ ಬಾರದಿದ್ದರೆ, ಆ ಹಣ 5 ದಿನಗಳೊಳಗೆ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು 2019ರ ಸೆಪ್ಟೆಂಬರಿನಲ್ಲಿ ಅದು ವಿಧಿಸಿತು. ನ್ಯಾಯವಾದ ವಿಧಿಯೇ. ಆದರೂ ಐದು ದಿನ ಎಲ್ಲರಿಗೂ ಒಂದೇ ಅಳತೆಯ ಐದು ದಿನವೇ? ತಿಂಗಳ ಸಂಬಳದವರಾದ ನಮಗೆ ಮುನ್ನೂರು ರೂಪಾಯಿ ಐದು ದಿನ ಎಲ್ಲೋ ಸಿಕ್ಕಿಕೊಂಡರೆ ಒಲೆ ಆರುವುದಿಲ್ಲ. ಸೊಪ್ಪು ಮಾರುವವಳಿಗೆ ಇಂದಿನ ಗಳಿಕೆಯೇ ನಾಳೆಯ ಬಂಡವಾಳ.

ಪೆಟ್ಟಿಗೆ ಮೌನವಾಗಿದೆ; ಗಿರಾಕಿ ಫೋನು ತೋರಿಸಿ ‘ದುಡ್ಡು ಹೋಗಿದೆಯಮ್ಮ’ ಎನ್ನುತ್ತಾನೆ. ನಂಬಿ ಕಳುಹಿಸಿದಳೆನ್ನಿ, ಹಣ ಅವನಿಗೇ ಹಿಂದಿರುಗಿದರೆ ನಷ್ಟ ಅವಳದು. ನಂಬದಿದ್ದರೆ ಅವನು ಒಂದೇ ಸೊಪ್ಪಿಗೆ ಎರಡು ಸಲ ತೆತ್ತು, ಕಳ್ಳನಂತೆ ನಾಲ್ವರೆದುರು ನಿಲ್ಲಬೇಕು. ಇಬ್ಬರೂ ಪ್ರಾಮಾಣಿಕರು. ಎಲ್ಲಿಯೋ ಉತ್ತರ ಕೊಡದೆ ನಿಂತ ಯಂತ್ರ ಮಾತ್ರ ಈ ಜಗಳದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಇಂಥ ತಪ್ಪು ಶೇಕಡಾ ಲೆಕ್ಕದಲ್ಲಿ ತೀರ ಅಲ್ಪವೆಂದು ತಿಳಿದವರು ಹೇಳಬಹುದು. ನಿಜ. ಆದರೆ ಶೇಕಡಾ ಎಂಬುದು ಇಡೀ ವ್ಯವಸ್ಥೆಯ ಮಾತು. ನಷ್ಟ ತಗಲಿದವನಿಗೆ ಅದು ಇಡಿಯಾಗಿಯೇ ತಗಲುತ್ತದೆ. ಆದುದರಿಂದ ಸಂದೇಹದ ಭಾರವನ್ನು ಹೊರಬಲ್ಲವನೇ ಹೊರಬೇಕೆಂಬುದು ನ್ಯಾಯ. ಒಂದು ಸಣ್ಣ ಮಿತಿಯವರೆಗಿನ ಹಣವನ್ನು ಬ್ಯಾಂಕುಗಳು ಆ ಕ್ಷಣವೇ ವ್ಯಾಪಾರಿಗೆ ಕೊಟ್ಟು, ತಮ್ಮತಮ್ಮೊಳಗಿನ ಲೆಕ್ಕವನ್ನು ಆಮೇಲೆ ತೀರಿಸಿಕೊಳ್ಳಲಾಗದೆ? ಮೋಸಗಾರರು ಇದನ್ನು ಬಳಸಿಕೊಂಡಾರೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಮಿತಿ ಬೇಕೆನ್ನುವುದು ಅದಕ್ಕಾಗಿಯೇ. ಆ ಮೋಸವನ್ನು ಹುಡುಕುವ ಸಾಧನ ಬ್ಯಾಂಕಿನ ಬಳಿ ಇದೆ, ಸೊಪ್ಪಿನ ಬುಟ್ಟಿಯ ಬಳಿ ಇಲ್ಲ.

ವೈಟ್‌ಫೀಲ್ಡ್ ಕಡೆಯ ಕಚೇರಿಗಳಲ್ಲಿ ದೊಡ್ಡ ದೊಡ್ಡ ವ್ಯವಸ್ಥೆಗಳ ನಕ್ಷೆ ಬರೆಯುವ ತರುಣರಲ್ಲಿ ಅನೇಕರು ದಿನವೂ ಕೃಷ್ಣರಾಜಪುರವನ್ನು ಹಾದೇ ಹೋಗುತ್ತಾರೆ. ಉತ್ತರ ಬಾರದಿದ್ದಾಗ ಏನು ಮಾಡಬೇಕೆಂಬ ಸಾಲನ್ನು ನಕ್ಷೆಯಲ್ಲಿ ಬರೆಯುವ ಮುನ್ನ ಅವರು ಒಂದು ಸಂಜೆ ಈ ಸಂತೆಯಲ್ಲಿ ಇಳಿದು, ಪೆಟ್ಟಿಗೆಯ ದನಿಗಾಗಿ ಕಾಯುವ ಮುಖಗಳನ್ನು ನೋಡಿ ಹೋಗುವುದು ಒಳ್ಳೆಯದು.