ಲೋಚ್ ಮೀನಿಗೆ ಯಾರು ಜೊತೆ?

ಅಕ್ವೇರಿಯಂ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಒಂದು ಪ್ರಶ್ನೆ ಹತ್ತು ಸಲ ಕಿವಿಗೆ ಬೀಳುತ್ತದೆ: "ಇದು ಅದರ ಜೊತೆ ಹೊಂದುತ್ತಾ?" ಅಂಗಡಿಯವರು ತಲೆಯಾಡಿಸುತ್ತಾರೆ, ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ, ತೀರ್ಮಾನ ಮುಗಿಯಿತು. ಹೊಂದಾಣಿಕೆ ಎಂಬ ಪದ ನಮ್ಮಲ್ಲಿ ಜಾತಕ ನೋಡುವವರ, ಮನೆ ಬಾಡಿಗೆಗೆ ಕೊಡುವವರ, ಹಾಸ್ಟೆಲ್ ವಾರ್ಡನ್ನರ ಬಾಯಲ್ಲೂ ಇದೆ. ಅಲ್ಲೆಲ್ಲ ಹೊಂದಿಕೊಳ್ಳಬೇಕಾದವರು ಕಡೆಗೆ ಮುನಿಸಿಕೊಳ್ಳಬಹುದು, ಜಗಳ ತೆಗೆಯಬಹುದು, ಗಂಟುಮೂಟೆ ಕಟ್ಟಿಕೊಂಡು ಹೊರಡಬಹುದು. ಮೀನಿಗೆ ಇವುಗಳಲ್ಲಿ ಜಗಳವೊಂದೇ ಉಳಿದಿರುವ ದಾರಿ. ಯಾರೊಡನೆ ಬದುಕಬೇಕೆಂದು ತೀರ್ಮಾನಿಸುವವರು ಗಾಜಿನ ಹೊರಗೆ, ಬದುಕುವವರು ಒಳಗೆ. ಇನ್ನೊಂದು ಜೀವಕ್ಕೆ ಸಂಗಾತಿಗಳನ್ನು ಆರಿಸುವ ಅಧಿಕಾರ ನನ್ನ ಕೈಗೆ ಬಂದರೆ, ಆ ಆಯ್ಕೆಯಲ್ಲಿ ನಾನು ಯಾವುದಕ್ಕೆಲ್ಲ ಉತ್ತರ ಹೇಳಬೇಕಾಗುತ್ತದೆ?

ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿಯ ರೂಪದಲ್ಲಿ. ಪಿಎಚ್.ಡಿ. ಮುಗಿಸಿ ಊರು ಬಿಟ್ಟ ಹಿರಿಯ ಸಂಶೋಧಕಿಯೊಬ್ಬರು ವಿಭಾಗದ ಓದುಕೋಣೆಯಲ್ಲಿದ್ದ ಅದನ್ನು ನನ್ನ ಸುಪರ್ದಿಗೆ ಬಿಟ್ಟು ಹೋದರು. ಒಳಗೆ ಎಂಟು ಜೀಬ್ರಾ ಡೇನಿಯೊಗಳು, ಮತ್ತು ಒಂದೇ ಒಂದು ಜೀಬ್ರಾ ಲೋಚ್. "ಪಾಪ, ಅದಕ್ಕೊಂದು ಜೊತೆ ನೋಡು ಮಾರಾಯ್ತಿ" ಎಂದಿದ್ದರು.

ಲೋಚ್ ತಳದ ಮೀನು. ಬೆರಳುದ್ದದ ಕಂದು ಮೈಗೆ ಸುತ್ತಿದ ತೆಳು ಹಳದಿ ಗೆರೆಗಳು, ಬಾಯಿಯ ಸುತ್ತ ಪುಟ್ಟ ಮೀಸೆಗಳು. ಆ ಮೀಸೆಗಳಲ್ಲೇ ಮರಳು ಮುಟ್ಟಿ ನೋಡುತ್ತ ಆಹಾರ ಹುಡುಕುತ್ತದೆ. ಕಣ್ಣಿನ ಕೆಳಗೆ ಮಡಚಿಟ್ಟ ಒಂದು ಮುಳ್ಳು. ಹೆದರಿದಾಗ ಅದು ಹೊರಗೆ ಸೆಟೆಯುತ್ತದೆ. ಹುರುಪೆಗಳು ಎಷ್ಟು ಸಣ್ಣವೆಂದರೆ ಬೇರೆ ಮೀನುಗಳಿಗೆ ಹಾಕುವ ಔಷಧಿಯ ಪ್ರಮಾಣವನ್ನೇ ಇದು ತಡೆದುಕೊಳ್ಳಲಾರದು. ಕೆಲವೊಮ್ಮೆ ಪಕ್ಕಕ್ಕೆ ವಾಲಿ ಸತ್ತಂತೆ ಮಲಗುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುವುದು ಖಂಡಿತ.

ಇಂಥದ್ದಕ್ಕೆ ಜೊತೆ ಯಾರು? ಸಾಕುವವರ ಅನುಭವದ ನಿಯಮಗಳು ಸರಳವಾಗಿಯೇ ಇವೆ, ಮತ್ತು ಅವುಗಳ ಹಿಂದೆ ಕಾರಣಗಳಿವೆ. ಗಪ್ಪಿ, ಬೆಟ್ಟಾದಂಥ ಉದ್ದ ರೆಕ್ಕೆಯ ನಿಧಾನದ ಮೀನು ಬೇಡ; ಚುರುಕಿನ ಲೋಚ್ ಆ ರೆಕ್ಕೆಯನ್ನು ಕಚ್ಚಿ ನೋಡುವ ಸಂಭವವಿದೆ. ಆಸ್ಕರ್‌ನಂಥ ದೊಡ್ಡ ಬಾಯಿಯದೂ ಬೇಡ, ಅಲ್ಲಿ ಲೋಚೇ ಊಟವಾಗುತ್ತದೆ. ಗೋಲ್ಡ್ ಫಿಶ್‌ಗೆ ತಣ್ಣೀರು ಬೇಕು, ಡಿಸ್ಕಸ್‌ಗೆ 28 ಡಿಗ್ರಿಗೂ ಮೇಲಿನ ಬೆಚ್ಚನೆಯ ನೀರು. ಹರಿವ ಹೊಳೆಯ ಈ ಜೀವ ಎರಡರ ನಡುವಿನದು. ಬಸವನಹುಳುವನ್ನು ಜೊತೆಗಾರ ಎನ್ನಲಾಗದು, ಅದು ಲೋಚಿನ ತಿಂಡಿ. ನೀರಿನ ಮೇಲಿನ ಮತ್ತು ನಡುವಿನ ಪದರಗಳಲ್ಲಿ ಗುಂಪಾಗಿ ಓಡಾಡುವ ಡೇನಿಯೊ, ರಾಸ್ಬೋರಾ, ಚೆರ್‍ರಿ ಬಾರ್ಬ್‌ಗಳು ಆಗಬಹುದು. ಅವು ಮೇಲೆ, ಇದು ಕೆಳಗೆ. ಅಂಗಡಿಯವರು ತಪ್ಪದೆ ಕೊಡಲು ನೋಡುವ ಇನ್ನೊಂದಿದೆ, ಗಾಜಿಗೆ ಬಾಯಂಟಿಸಿ ಪಾಚಿ ತಿನ್ನುವ ಸಕ್ಕರ್ ಮೀನು. "ಯಾರ ತಂಟೆಗೂ ಹೋಗಲ್ಲ ಮೇಡಂ, ಟ್ಯಾಂಕ್ ಕ್ಲೀನ್ ಇಡುತ್ತೆ." ಅದು ಒಂದಡಿ ಮೀರಿ ಬೆಳೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಬೆಳೆದ ಮೇಲೆ ಜನ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಮೀನು ನಮ್ಮ ದೇಶದ ಹಲವೆಡೆ ಕೆರೆ ನದಿಗಳಿಗೆ ಪಿಡುಗಾಗಿರುವುದು ಹೀಗೆ.

ಈ ನಿಯಮಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಸ್ವಭಾವ' ಎಂಬ ಮಾತು. ಇದು ಸಾಧು, ಅದು ಮುಂಗೋಪಿ. ಕೆಂಪು ಬಾಲದ ಶಾರ್ಕ್ ಎಂದು ಮಾರುವ ಕಪ್ಪು ಮೀನೊಂದಿದೆ (ಶಾರ್ಕಿಗೂ ಅದಕ್ಕೂ ಸಂಬಂಧವಿಲ್ಲ, ಥಾಯ್ಲೆಂಡಿನ ಹೊಳೆಯ ಮೀನು). ಅದು ತಳದಲ್ಲಿ ಒಂದು ಜಾಗ ಹಿಡಿದುಕೊಂಡು ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ, ಆದ್ದರಿಂದ ಲೋಚಿನ ಜೊತೆ ಹೊಂದುವುದಿಲ್ಲ. ಮಾತು ನಿಜವೇ. ಆದರೆ ಹೊಳೆಯಲ್ಲಿ ಅಟ್ಟಿಸಿಕೊಂಡದ್ದು ನಾಲ್ಕು ಮಾರು ಆಚೆ ಹೋದರೆ ಜಗಳ ಅಲ್ಲಿಗೆ ಮುಗಿಯುತ್ತದೆ. ಎರಡೂವರೆ ಅಡಿಯ ತೊಟ್ಟಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ದಿನಕ್ಕೆ ನೂರು ಸಲ ಸೋಲುತ್ತದೆ. ಅಟ್ಟುವುದು ಮೀನಿನ ಗುಣ ಇರಬಹುದು, ಅದನ್ನು ಹಿಂಸೆಯಾಗಿಸಿದ್ದು ಗಾಜು. ಎರಡು ಮೀನುಗಳ ನಡುವಿನ ವಿಷಯವೆಂದು ನಾವು ಭಾವಿಸುವ ಹೊಂದಾಣಿಕೆಯಲ್ಲಿ ಯಾವಾಗಲೂ ಮೂರನೆಯದೊಂದು ಇರುತ್ತದೆ. ಆ ಮೂರನೆಯದನ್ನು ಅಳತೆ ಹಾಕಿ ತಂದಿಟ್ಟವರು ನಾವು.

ಇದಕ್ಕಿಂತ ವಿಚಿತ್ರವಾದದ್ದು ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಮೀನುಗಳ ಸಂಗತಿ. ಬಂಡೆಗಳ ನಡುವೆ ಬದುಕುವ ಈ ಬಣ್ಣದ ಮೀನುಗಳು ಮಹಾ ಜಗಳಗಂಟಿಗಳು. ಅವನ್ನು ಸಾಕುವ ಅನುಭವಿಗಳು ಬೇಕೆಂದೇ ತೊಟ್ಟಿಯನ್ನು ಕಿಕ್ಕಿರಿದು ತುಂಬುತ್ತಾರೆ. ಯಾವುದಕ್ಕೂ ತನ್ನದೆಂದು ಜಾಗ ಹಿಡಿಯಲು ಆಗದಷ್ಟು ಇಕ್ಕಟ್ಟಾದಾಗ ಏಟು ಒಬ್ಬರ ಮೇಲೇ ಬೀಳದೆ ಹಂಚಿಹೋಗುತ್ತದೆ, ತೊಟ್ಟಿ ಹೊರನೋಟಕ್ಕೆ ಶಾಂತವಾಗುತ್ತದೆ. ಉಪಾಯ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೂ ಅದನ್ನು ಶಾಂತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿಂದ ಮನುಷ್ಯರ ಕಡೆಗೆ ಹಾರುವುದು ಬಹಳ ಸುಲಭ, ಅದಕ್ಕೇ ಹುಷಾರಾಗಿರಬೇಕು. 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕುವ ಮನೆಯೊಡೆಯರೂ ಹೊಂದಾಣಿಕೆಯ ಭಾಷೆಯನ್ನೇ ಆಡುತ್ತಾರೆ. ಆಸ್ಕರ್ ಲೋಚನ್ನು ನುಂಗುತ್ತದೆ ಎನ್ನುವುದು ಜೀವಶಾಸ್ತ್ರ. ಇಂಥವರು ಇಂಥವರ ಪಕ್ಕದಲ್ಲಿ ಇರಲಾರರು ಎನ್ನುವುದು ಆ ಶಾಸ್ತ್ರದ ವೇಷ ಹಾಕಿದ ಅಸಹ್ಯ. ಮೀನಿನ ತೊಟ್ಟಿಯಿಂದ ಮನುಷ್ಯರಿಗೆ ದಾಟಿಸಬಹುದಾದದ್ದು ಒಂದೇ: ಯಾರ ಸ್ವಭಾವ ಕೆಟ್ಟದ್ದೆಂದು ಕೇಳುವ ಮೊದಲು ಕೋಣೆ ಎಷ್ಟು ದೊಡ್ಡದೆಂದು ಕೇಳುವುದು. ಹತ್ತಕ್ಕೆ ಹತ್ತರ ಕೋಣೆಯಲ್ಲಿ ಮೂರು ಮಂಚ ಹಾಕಿಸಿಕೊಂಡು ಪ್ರಬಂಧ ಬರೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಮತ್ತೆ ಲೋಚಿಗೆ ಬರುತ್ತೇನೆ, ಏಕೆಂದರೆ ಅಸಲು ಕಷ್ಟ ಶುರುವಾಗುವುದು ಈಗ. ಬೇರೆ ಜಾತಿಯ ಮೀನುಗಳ ಪಟ್ಟಿ ಎಷ್ಟೇ ಉದ್ದವಿರಲಿ, ಲೋಚಿಗೆ ಮೊದಲು ಬೇಕಾದ ಜೊತೆ ಇನ್ನೊಂದು ಲೋಚ್. ಇವು ಗುಂಪಿನ ಮೀನುಗಳು. ಐದಾರಾದರೂ ಒಟ್ಟಿಗಿರಬೇಕು ಎನ್ನುತ್ತಾರೆ. ಒಂಟಿಯಾದದ್ದು ಮೂಲೆ ಸೇರುತ್ತದೆ, ಇಲ್ಲವೇ ಉಳಿದವರನ್ನು ಕಾಡುತ್ತದೆ. ನಮ್ಮ ತೊಟ್ಟಿಯದು ಸಂಜೆ ದೀಪ ಹಚ್ಚಿದ ಮೇಲೆ ಗಾಜಿನಲ್ಲಿ ಮೂಡುವ ತನ್ನದೇ ಬಿಂಬದ ಪಕ್ಕ ಮೇಲೆ ಕೆಳಗೆ ಈಜುತ್ತಿತ್ತು. ಅದನ್ನು ಒಂಟಿತನ ಎಂದು ಕರೆಯುವಷ್ಟು ಅವಸರ ನನಗಿಲ್ಲ. ಆದರೆ ಅದರ ಬದುಕಿನಲ್ಲಿ ಏನೋ ಕೊರೆಯಿದೆ ಎನ್ನಲು ಆ ಪದ ಬೇಕಿರಲಿಲ್ಲ.

ಹಾಗಾದರೆ ಐದು ಜೀಬ್ರಾ ಲೋಚ್ ಕೊಂಡು ತಂದರಾಯಿತಲ್ಲ? ಈ ಮೀನು ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳದು, ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿಲ್ಲ. 1920ರಲ್ಲಿ ಇದಕ್ಕೆ ಬೋಟಿಯಾ ಸ್ಟ್ರಿಯಾಟಾ ಎಂಬ ವೈಜ್ಞಾನಿಕ ಹೆಸರು ಕೊಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್, ಮುಂದೆ 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರಿಗೆ ಅದು ಸಿಕ್ಕಿದ್ದು ತುಂಗೆಯಲ್ಲಿ. ಇಂದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ಜಾತಿ. ನೆಲೆ ಹಾಳಾಗುತ್ತಿರುವುದರ ಜೊತೆಗೆ ಅಕ್ವೇರಿಯಂಗಾಗಿ ಹಿಡಿಯುವುದೂ ಒಂದು ಕಾರಣ. ಶೃಂಗೇರಿಯ ಸೋಪಾನದಲ್ಲಿ ನಿಂತು ದೇವರ ಮೀನುಗಳಿಗೆ ಮಂಡಕ್ಕಿ ಎಸೆದವರು ನಮ್ಮಲ್ಲಿ ಎಷ್ಟು ಮಂದಿ! ಅದೇ ಹೊಳೆಯ ಕಲ್ಲಿನಡಿಯ ಈ ಬೆರಳುದ್ದದ ಜೀವವನ್ನು ಕಾಯುವ ದೇವರಿಲ್ಲ.

ಪರಿಸರದ ನೀತಿಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಹಳೆಯ ವ್ಯಾಜ್ಯ ನೆನಪಾಗುತ್ತದೆ. ಆಲ್ಡೊ ಲಿಯೊಪೋಲ್ಡ್‌ಗೆ ಇಡೀ ಜೀವಸಮುದಾಯದ ಒಳಿತೇ ಅಳತೆಗೋಲು. 1983ರಲ್ಲಿ ಪ್ರಾಣಿಗಳ ಹಕ್ಕಿನ ಬಗ್ಗೆ ಬರೆದ ಟಾಮ್ ರೇಗನ್‌ಗೆ ಸಮಷ್ಟಿಯ ಹೆಸರಿನಲ್ಲಿ ಒಂದೊಂದು ಜೀವವನ್ನು ಬಲಿಕೊಡುವುದು ಒಪ್ಪಿಗೆಯಿಲ್ಲ. (ರೇಗನ್ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ಸಸ್ತನಿಗಳು ಎನ್ನುವುದು ಬೇರೆ ಮಾತು.) ಹಾಗೆ ನೋಡಿದರೆ ತೊಟ್ಟಿಯ ಲೋಚ್ ರೇಗನ್ ಕಡೆ, ತುಂಗೆ ಲಿಯೊಪೋಲ್ಡ್ ಕಡೆ. ನನಗೆ ಈ ಹಂಚಿಕೆ ಸರಿಯೆನಿಸಲಿಲ್ಲ. ಹೊಳೆಯಿಂದ ತರುವ ಐದೂ ಒಂದೊಂದು ಜೀವವೇ ತಾನೆ? ಇಲ್ಲಿ ತಕ್ಕಡಿಯಲ್ಲಿರುವುದು ಕಣ್ಣೆದುರಿನ ಒಂದು ಮತ್ತು ಕಣ್ಣಿಗೆ ಕಾಣದ ಐದು. ನನ್ನ ಕರುಣೆ ಒಂದರ ಕಡೆಗೆ ವಾಲುವುದು ಅದು ಓದುಕೋಣೆಯಲ್ಲಿ ಇದೆ ಎಂಬ ಕಾರಣಕ್ಕೆ. ಹತ್ತಿರ ಇರುವುದಕ್ಕೆ ನಾವು ಹೆಚ್ಚು ಋಣಿಗಳು ಎನ್ನುವುದನ್ನು ನಾನು ಒಪ್ಪುತ್ತೇನೆ, ಸಂಬಂಧಗಳೆಲ್ಲ ಹಾಗೆಯೇ. ಆದರೆ ಆ ಋಣವನ್ನು ದೂರದವರ ಖಾತೆಯಿಂದ ತೀರಿಸಲು ನನಗೆ ಹಕ್ಕಿಲ್ಲ.

ಅಂಗಡಿಯಲ್ಲಿ ಆರು ಲೋಚ್‌ಗಳಿದ್ದವು. ಸಾಕಣೆಯವೋ ಹೊಳೆಯವೋ ಎಂದರೆ "ಹೋಲ್‌ಸೇಲ್‌ನಿಂದ ಬರುತ್ತೆ ಮೇಡಂ" ಎಂಬ ಉತ್ತರ. ಈಗಾಗಲೇ ಹಿಡಿದು ತಂದಾಗಿದೆ, ನಾನು ಬಿಟ್ಟರೂ ಅವು ತುಂಗೆಗೆ ವಾಪಸ್ ಹೋಗುವುದಿಲ್ಲ ಎಂಬ ವಾದ ನನ್ನೊಳಗೇ ಎದ್ದಿತು. ಇದರಷ್ಟು ಬಲವಾದ, ಇದರಷ್ಟು ಮೋಸದ ವಾದ ಇನ್ನೊಂದಿಲ್ಲ. ಆ ಆರು ಖಾಲಿಯಾದ ದಿನ ಮುಂದಿನ ಆರಕ್ಕೆ ಫೋನ್ ಹೋಗುತ್ತದೆ. ಉತ್ತರ ಭಾರತದ ಯೋಯೋ ಲೋಚ್‌ಗಳನ್ನು ತರೋಣವೆಂದರೆ ಅವು ಇದಕ್ಕಿಂತ ದೊಡ್ಡವು, ಒರಟು. ಅವಕ್ಕೂ ಒಂದು ಹೊಳೆ ಇದೆ. ಇದನ್ನೇ ತುಂಗೆಗೆ ಬಿಟ್ಟುಬಿಡು ಎಂದರು ಗೆಳೆಯರು. ತೊಟ್ಟಿಯಲ್ಲಿ ದೇಶಾಂತರದ ಮೀನುಗಳ ಜೊತೆ ಇದ್ದದ್ದು ಯಾವ ರೋಗ ಹೊತ್ತಿರುತ್ತದೋ, ಬಿಟ್ಟವರ ಪುಣ್ಯ ಹೊಳೆಗೆ ಶಾಪವಾದೀತು.

ಜೊತೆ ತರುವ ಬಗ್ಗೆಯೇ ಯೋಚಿಸುತ್ತಿದ್ದವಳಿಗೆ, ಜೊತೆ ಇರುವಲ್ಲಿಗೆ ಇದನ್ನೇ ಕಳಿಸಬಹುದೆಂದು ಹೊಳೆದದ್ದು ಆಮೇಲೆ. ಊರಿನ ಇನ್ನೊಂದು ತುದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯ ನಾಲ್ಕಡಿ ತೊಟ್ಟಿಯಲ್ಲಿ ವರ್ಷಗಳಿಂದ ಐದು ಜೀಬ್ರಾ ಲೋಚ್‌ಗಳಿವೆ. ಬಲೆಯಲ್ಲಿ ಹಿಡಿದರೆ ಕಣ್ಣಿನ ಕೆಳಗಿನ ಮುಳ್ಳು ಸಿಕ್ಕಿಕೊಳ್ಳುತ್ತದೆಂದು ಅಗಲ ಬಾಯಿಯ ಡಬ್ಬಿಯೊಳಗೆ ನಿಧಾನಕ್ಕೆ ಹೊಗಿಸಿಕೊಂಡು, ಸಿಟಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಮೂರು ದಿನ ಬಿಟ್ಟು ಮೇಷ್ಟ್ರು ಫೋನ್ ಮಾಡಿದರು. "ಹೊಸದನ್ನ ಎಲ್ಲಾ ಸೇರ್ಕೊಂಡು ಅಟ್ಟಾಡಿಸ್ತಾ ಇದಾವೆ ಕಣಮ್ಮ, ಅದೂ ತಿರುಗಿ ಬೀಳ್ತಾ ಇದೆ. ಯೋಚನೆ ಮಾಡ್ಬೇಡ, ಯಾರು ಮೇಲು ಯಾರು ಕೆಳಗು ಅಂತ ತೀರ್ಮಾನ ಆಗೋವರೆಗೂ ಹೀಗೇ. ರಾತ್ರಿ ಎಲ್ಲಾ ಒಂದೇ ಕಲ್ಲಿನ ಕೆಳಗೆ ತುರುಕ್ಕೊಂಡು ಮಲಗ್ತವೆ."

ಓದುಕೋಣೆಯ ತೊಟ್ಟಿಯಲ್ಲಿ ಡೇನಿಯೊಗಳು ಇವೆ, ತಳದ ಮರಳು ಖಾಲಿ. ಬಂದವರೆಲ್ಲ ಅಲ್ಲಿಗೆ ಯಾವ ಮೀನು ಹೊಂದುತ್ತದೆಂದು ಸಲಹೆ ಕೊಡುತ್ತಾರೆ. ತಿನ್ನುವವರಿಲ್ಲದೆ ಬಸವನಹುಳುಗಳು ಹೆಚ್ಚಾಗುತ್ತಿವೆ. ವಾರಕ್ಕೊಮ್ಮೆ ಅವನ್ನು ಆರಿಸಿ ತೆಗೆಯುವ ಕೆಲಸ ಈಗ ನನ್ನದು.